ಕಾಮೆಟ್ ಒಡೆದದ್ದು ಬರೀ ಚೌಕ ಕಿಟಕಿಯಿಂದಲ್ಲ

ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ, ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್, ಆಕಾಶದಲ್ಲೇ ಯಾಕೆ ಒಡೆಯಿತು ಅಂತ ಕೇಳಿ ನೋಡಿ. ವಿಮಾನದ ಬಗ್ಗೆ ಅಷ್ಟಿಷ್ಟು ಓದಿದವರೆಲ್ಲರ ಬಾಯಲ್ಲೂ ಉತ್ತರ ಸಿದ್ಧವಾಗಿರುತ್ತದೆ: ಕಿಟಕಿ ಚೌಕಾಕಾರ ಇತ್ತು, ಮೂಲೆ ಸೀಳಿತು, ಆಮೇಲೆ ಎಲ್ಲರೂ ದುಂಡು ಕಿಟಕಿ ಇಡಲು ಶುರುಮಾಡಿದರು. ಇದು ಅರ್ಧ ಸತ್ಯ. 1954ರಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ ಬಿದ್ದ ವಿಮಾನದಲ್ಲಿ ಬಿರುಕು ಹುಟ್ಟಿದ್ದು ಪ್ರಯಾಣಿಕರ ಕಿಟಕಿಯಲ್ಲಿ ಅಲ್ಲವೇ ಅಲ್ಲ. ಮೂಲೆಯಲ್ಲಿ ಬಿಗಿತ ಹೆಚ್ಚಾಗುತ್ತದೆ ಎನ್ನುವುದು ಡಿ ಹ್ಯಾವಿಲೆಂಡ್ ಎಂಜಿನಿಯರುಗಳಿಗೆ ಗೊತ್ತಿರದ ವಿಷಯವೂ ಆಗಿರಲಿಲ್ಲ. ಗೊತ್ತಿತ್ತು, ಅದಕ್ಕೇ ಪರೀಕ್ಷೆ ಮಾಡಿದ್ದರು. ಆ ಪರೀಕ್ಷೆಯೇ ಅವರನ್ನು ದಾರಿ ತಪ್ಪಿಸಿತು. ಕಿಟಕಿಯ ಕಥೆಗಿಂತ ಕಲಿಯಬೇಕಾದ್ದು ಇದನ್ನು.

ಮೊದಲು ವಿಮಾನ ಎಂಥದ್ದು ನೋಡೋಣ. ಮುಖ್ಯ ವಿನ್ಯಾಸಕಾರ ರೊನಾಲ್ಡ್ ಬಿಷಪ್. 1949ರ ಜುಲೈ 27ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಿಂದ ಜಾನ್ ಕನಿಂಗ್‌ಹ್ಯಾಮ್ ಅದನ್ನು ಮೊದಲ ಸಲ ಹಾರಿಸಿದರು. 1952ರ ಮೇ 2ರಂದು ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ‘ಯೋಕ್ ಪೀಟರ್’ ಎಂಬ ಕಾಮೆಟ್ ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತು ಹೊರಟಿತು. ಸೀಟು 36. ಗಂಟೆಗೆ ಸುಮಾರು 725 ಕಿ.ಮೀ. ವೇಗ. ಪಿಸ್ಟನ್ ಎಂಜಿನ್ನಿನ ಗಡಗಡ ಅದುರುವಿಕೆ ಇಲ್ಲ. ಅದೇ ಆಗಸ್ಟಿನಲ್ಲಿ ಮುಂಬಯಿ ಮಾರ್ಗವಾಗಿ ಕೊಲಂಬೊ ಸೇವೆಯೂ ಶುರುವಾಯಿತು. ನಕ್ಷೆಯಲ್ಲಿ ಮುಂಬಯಿಯಿಂದ ಕೊಲಂಬೊಗೆ ನೇರ ಗೆರೆ ಎಳೆದರೆ ಅದು ಶಿರಸಿಯ ಪೂರ್ವಕ್ಕೆ, ಹಾವೇರಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ.

ನಾಲ್ಕು ‘ಘೋಸ್ಟ್’ ಎಂಜಿನ್, ಒಂದೊಂದರ ನೂಕುಬಲ 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಇವತ್ತಿನ ಲೆಕ್ಕದಲ್ಲಿ ಏನೇನೂ ಅಲ್ಲ. ಎಂಜಿನ್ ದುರ್ಬಲ ಅಂದಮೇಲೆ ವಿಮಾನ ಹಗುರವಾಗಿರಲೇಬೇಕು. ಮೇಲಾಗಿ ಆ ಕಾಲದ ಜೆಟ್ ಎಂಜಿನ್ನು ಕೆಳಮಟ್ಟದಲ್ಲಿ ಸೀಮೆಎಣ್ಣೆಯನ್ನು ಗಟಗಟ ಕುಡಿಯುತ್ತಿತ್ತು. ಖರ್ಚು ಗಿಟ್ಟಬೇಕಾದರೆ 35,000ದಿಂದ 40,000 ಅಡಿ ಎತ್ತರಕ್ಕೆ ಹೋಗಲೇಬೇಕು. 40,000 ಅಡಿಯಲ್ಲಿ ಹೊರಗಿನ ಗಾಳಿಯ ಒತ್ತಡ ಚದರ ಇಂಚಿಗೆ 2.7 ಪೌಂಡ್ ಮಾತ್ರ. ಒಳಗೆ ಮನುಷ್ಯರು ಉಸಿರಾಡಬೇಕಲ್ಲ, ಅದಕ್ಕೆ ಕ್ಯಾಬಿನ್ನಿನಲ್ಲಿ 8,000 ಅಡಿ ಎತ್ತರದ ಗಾಳಿಯಷ್ಟು ಒತ್ತಡ ಇಟ್ಟರು. ಊಟಿಗಿಂತ ತುಸು ಮೇಲಿನ ಹವೆ ಅಂದುಕೊಳ್ಳಿ. ಒಳಗೂ ಹೊರಗೂ ವ್ಯತ್ಯಾಸ ಚದರ ಇಂಚಿಗೆ 8.25 ಪೌಂಡ್.

ಕೇಳಲಿಕ್ಕೆ ಸಣ್ಣ ಸಂಖ್ಯೆ. ಚದರ ಅಡಿಗೆ ಲೆಕ್ಕ ಹಾಕಿದರೆ ಸುಮಾರು 540 ಕೆ.ಜಿ. ಒಂದೊಂದು ಚದರ ಅಡಿ ತಗಡನ್ನೂ ಒಳಗಿನಿಂದ ಅಷ್ಟು ಭಾರ ಹೊರಕ್ಕೆ ದೂಡುತ್ತಿರುತ್ತದೆ. ಆ ತಗಡು ಕೆಲವು ಕಡೆ ಸುಮಾರು 0.7 ಮಿ.ಮೀ. ದಪ್ಪದ್ದು. ಕೊಳವೆಯಾಕಾರದ ಒಡಲಿನಲ್ಲಿ ಲೋಹದ ಮೇಲೆ ಬೀಳುವ ಎಳೆತ ಕಂಡುಹಿಡಿಯಲು ಸುಲಭದ ಸೂತ್ರವಿದೆ: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿ. ಒಡಲಿನ ವ್ಯಾಸ ಸುಮಾರು 3 ಮೀಟರ್ ಅಂತ ಹಿಡಿದರೆ ಚದರ ಮಿ.ಮೀ.ಗೆ 12 ಕೆ.ಜಿ. ಆಸುಪಾಸು ಬರುತ್ತದೆ. ಆ ಅಲ್ಯೂಮಿನಿಯಂ ಮಿಶ್ರಲೋಹ ಕಿತ್ತುಹೋಗುವುದು 45 ಕೆ.ಜಿ. ಸುಮಾರಿಗೆ. ಅಂದರೆ ನಾಲ್ಕು ಪಟ್ಟು ಭದ್ರ, ಚಿಂತೆಯಿಲ್ಲ ಅನಿಸುತ್ತದೆ. ಆದರೆ ಆ 12 ಕೆ.ಜಿ. ತೂತಿಲ್ಲದ ತಗಡಿನ ಲೆಕ್ಕ. ಕಿಟಕಿಗೆಂದು ಕತ್ತರಿಸಿದ ಕೂಡಲೇ ಆ ಜಾಗದಲ್ಲಿ ಹರಿಯಬೇಕಿದ್ದ ಎಳೆತ ಅಂಚನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ, ಮೂಲೆಯಲ್ಲಿ ಒತ್ತೊತ್ತಾಗಿ ಸೇರುತ್ತದೆ. ಮೂಲೆ ಎಷ್ಟು ಚೂಪೋ ಒತ್ತಣೆ ಅಷ್ಟು ಹೆಚ್ಚು. ಮೂಲೆಯ ಹತ್ತಿರವೇ ರಿವೆಟ್ ತೂತು ಕೊರೆದರೆ ಒತ್ತಣೆಯ ಮೇಲೆ ಇನ್ನೊಂದು ಒತ್ತಣೆ. ಆಮೇಲೆ ಅಳೆದಾಗ ಕಾಮೆಟ್ಟಿನ ಕಿಟಕಿ ಮೂಲೆಯಲ್ಲಿ ಸಿಕ್ಕಿದ್ದು ಲೋಹ ಒಡೆಯುವ ಮಟ್ಟದ ಸುಮಾರು 70 ಶೇಕಡಾ. ವಿನ್ಯಾಸ ಮಾಡಿದವರು ಅಂದಾಜು ಮಾಡಿದ್ದು ಅದಕ್ಕಿಂತ ಬಹಳ ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಾಮೆಟ್ಟಿನ ಕಿಟಕಿ ಅಪ್ಪಟ ಚೌಕವಲ್ಲ, ಮೂಲೆಗಳನ್ನು ಸ್ವಲ್ಪ ದುಂಡು ಮಾಡಿದ್ದರು. ದುಂಡು ಸಾಲಲಿಲ್ಲ ಅಷ್ಟೇ. ಕಿಟಕಿಯ ಚೌಕಟ್ಟಿನ ಸುತ್ತ ‘ರೆಡಕ್ಸ್’ ಎಂಬ ಲೋಹದ ಅಂಟಿನ ಜೊತೆಗೆ ರಿವೆಟ್ಟನ್ನೂ ಬಳಸಿದ್ದರು. ತೂತು ಹೊಡೆಯುವಾಗ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಟ್ಟದ್ದುಂಟು. ಅಂಥ ಬಿರುಕು ಕಂಡಾಗ ಅದರ ತುದಿಗೆ ಸಣ್ಣ ತೂತು ಕೊರೆದು ಮುಂದೆ ಹೋಗದಂತೆ ನಿಲ್ಲಿಸಿದ್ದರು. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ತಗಡು ಸೀಳಿದರೆ ವೆಲ್ಡರ್ ಮಾಡುವುದೂ ಇದನ್ನೇ: ಮೊದಲು ಸೀಳಿನ ತುದಿಗೆ ತೂತು, ಆಮೇಲೆ ವೆಲ್ಡಿಂಗ್. ಚೂಪು ತುದಿ ದುಂಡಾದರೆ ಒತ್ತಣೆ ಇಳಿಯುತ್ತದೆ. ಉಪಾಯ ತಪ್ಪಲ್ಲ. ಆದರೆ ಬಿರುಕಿನ ನಿಜವಾದ ತುದಿ ಕಣ್ಣಿಗೆ ಕಾಣುವ ತುದಿಗಿಂತ ಮುಂದಿದ್ದರೆ ಕೊರೆದ ತೂತು ವ್ಯರ್ಥ. ಅದಕ್ಕೇ ಇವತ್ತು ಬಣ್ಣದ ದ್ರವ ಹಚ್ಚಿಯೋ ವಿದ್ಯುತ್ತಿನಿಂದ ಬಿರುಕು ಪತ್ತೆಮಾಡುವ ಎಡ್ಡಿ ಕರೆಂಟ್ ಸಲಕರಣೆ ಇಟ್ಟೋ ತುದಿ ಎಲ್ಲಿದೆ ಎಂದು ಖಚಿತ ಮಾಡಿಕೊಂಡೇ ಡ್ರಿಲ್ ಹಿಡಿಯುತ್ತಾರೆ.

ಬಿರುಕಿನ ಅಪಘಾತಕ್ಕೆ ಮೊದಲೇ ಕಾಮೆಟ್ ಮೂರು ಸಲ ಪೆಟ್ಟು ತಿಂದಿತ್ತು. ಅದಕ್ಕೂ ಲೋಹ ದಣಿಯುವುದಕ್ಕೂ, ಅಂದರೆ ಮತ್ತೆ ಮತ್ತೆ ಎಳೆದು ಬಿಟ್ಟು ನಿಧಾನಕ್ಕೆ ಬಿರುಕು ಬಿಡುವುದಕ್ಕೂ, ಸಂಬಂಧವಿಲ್ಲ. 1952ರ ಅಕ್ಟೋಬರ್ 26ರಂದು ರೋಮಿನ ಚಾಂಪಿನೊದಲ್ಲಿ ಒಂದು ವಿಮಾನ ಮೇಲೇಳದೆ ರನ್‌ವೇ ದಾಟಿ ನುಗ್ಗಿತು, ಯಾರೂ ಸಾಯಲಿಲ್ಲ. 1953ರ ಮಾರ್ಚ್ 3ರಂದು ಕರಾಚಿಯಲ್ಲಿ ಕೆನೇಡಿಯನ್ ಪೆಸಿಫಿಕ್ ಕಂಪನಿಯ ಹೊಚ್ಚ ಹೊಸ ವಿಮಾನಕ್ಕೂ ಹಾಗೆಯೇ ಆಗಿ ಒಳಗಿದ್ದ 11 ಮಂದಿಯೂ ಸತ್ತರು. ಓಟದಲ್ಲಿರುವಾಗಲೇ ಮೂತಿಯನ್ನು ಅಗತ್ಯಕ್ಕಿಂತ ಮೇಲೆತ್ತಿದರೆ ರೆಕ್ಕೆ ಗಾಳಿಗೆ ಅಡ್ಡ ನಿಂತಂತಾಗುತ್ತದೆ, ವೇಗ ಏರುವುದಿಲ್ಲ. ಎಂಜಿನ್ನು ರೆಕ್ಕೆಯ ಬುಡದೊಳಗೇ ಹುದುಗಿದ್ದರಿಂದ ಅದಕ್ಕೂ ಸರಿಯಾಗಿ ಗಾಳಿ ಸಿಗುವುದಿಲ್ಲ. ರೆಕ್ಕೆಯ ಮುಂಚೂಣಿ ಅಂಚಿನ ಆಕಾರವನ್ನು ಬದಲಿಸಿ ಅದನ್ನು ಸರಿಪಡಿಸಿದರು.

ಮೂರನೆಯದು ನಮ್ಮ ದೇಶದಲ್ಲೇ. 1953ರ ಮೇ 2, ಮೊದಲ ಸೇವೆಗೆ ಸರಿಯಾಗಿ ಒಂದು ವರ್ಷ. ಕಲ್ಕತ್ತೆಯ ಡಮ್‌ಡಮ್‌ನಿಂದ ದೆಹಲಿಗೆ ಹೊರಟ ಕಾಮೆಟ್ ಕೆಲವೇ ನಿಮಿಷಗಳಲ್ಲಿ ಗುಡುಗು ಮಳೆಯ ಬಿರುಗಾಳಿಗೆ ಸಿಕ್ಕಿ ಜಗಲಗೋರಿ ಎಂಬ ಹಳ್ಳಿಯ ಬಳಿ ಚೂರಾಗಿ ಬಿತ್ತು. 43 ಸಾವು. ಭಾರತದಲ್ಲಿ ನಡೆದ ತನಿಖೆ ಹೇಳಿದ್ದು ಗಾಳಿಯ ಹೊಡೆತ ಅಥವಾ ಅದನ್ನು ನಿಭಾಯಿಸುವಾಗ ಪೈಲಟ್ ಅತಿಯಾಗಿ ಕಂಟ್ರೋಲ್ ಎಳೆದದ್ದು. ಕಾಮೆಟ್ಟಿನ ಕಂಟ್ರೋಲುಗಳು ಪೂರ್ತಿ ಹೈಡ್ರಾಲಿಕ್ ಬಲದವು. ರೆಕ್ಕೆ ಬಾಲಗಳ ಮೇಲೆ ಎಷ್ಟು ಭಾರ ಬೀಳುತ್ತಿದೆ ಎನ್ನುವುದು ಪೈಲಟ್ಟಿನ ಕೈಗೆ ತಿಳಿಯುತ್ತಿರಲಿಲ್ಲ. ಮುಂದೆ ಕೃತಕವಾಗಿ ಕೈಗೆ ಬಿಗಿ ಕೊಡುವ ಏರ್ಪಾಟನ್ನು ಸೇರಿಸಿದರು. ಇವತ್ತು ಕೂಡ ದೊಡ್ಡ ವಿಮಾನಗಳಲ್ಲಿ ಆ ಬಿಗಿ ಬೇಕೆಂದೇ ಹುಟ್ಟಿಸಿದ್ದು.

ಇನ್ನು ಮುಖ್ಯ ಘಟನೆ. 1954ರ ಜನವರಿ 10ರಂದು ಯೋಕ್ ಪೀಟರ್ ಚಾಂಪಿನೊದಿಂದ ಏರಿ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. 35 ಮಂದಿ ಸತ್ತರು. ಕಾಮೆಟ್ಟುಗಳನ್ನು ನಿಲ್ಲಿಸಿ, ಬೆಂಕಿ, ಎಂಜಿನ್, ಕಂಟ್ರೋಲು ಎಂದು ಅನುಮಾನ ಬಂದದ್ದನ್ನೆಲ್ಲ ಬದಲಿಸಿ ಮಾರ್ಚ್ 23ರಂದು ಮತ್ತೆ ಹಾರಿಸಿದರು. ಕಾರಣ ಗೊತ್ತಾಗದೆಯೇ ಹಾರಿಸಿದ್ದು ನಮ್ಮ ದೃಷ್ಟಿಯಲ್ಲಿ ಇಡೀ ಚರಿತ್ರೆಯ ದೊಡ್ಡ ತಪ್ಪು, ಕಿಟಕಿಗಿಂತ ದೊಡ್ಡದು. ಏಪ್ರಿಲ್ 8ರಂದು, 16 ದಿನ ಕಳೆಯುವಷ್ಟರಲ್ಲಿ, ‘ಯೋಕ್ ಯೋಕ್’ ನೇಪಲ್ಸ್ ಬಳಿ ಬಿತ್ತು. ಒಳಗಿದ್ದ 21 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಏಪ್ರಿಲ್ 12ಕ್ಕೆ ಹಾರಾಟದ ಪರವಾನಗಿಯನ್ನೇ ವಾಪಸು ಪಡೆದರು.

ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿದ್ದ ಸರಕಾರಿ ವಿಮಾನ ಸಂಶೋಧನಾ ಸಂಸ್ಥೆ ಆರ್‌ಎಇಯ ನಿರ್ದೇಶಕ ಆರ್ನಲ್ಡ್ ಹಾಲ್ ನೇತೃತ್ವದಲ್ಲಿ ತನಿಖೆ ನಡೆಯಿತು. ನೇಪಲ್ಸ್ ಬಳಿ ಬಿದ್ದದ್ದು ತೀರಾ ಆಳದಲ್ಲಿ, ಎತ್ತಲು ಸಾಧ್ಯವಿರಲಿಲ್ಲ. ಎಲ್ಬಾ ಬಳಿಯದನ್ನು ಬ್ರಿಟಿಷ್ ನೌಕಾಪಡೆ ನೀರೊಳಗೆ ಟಿವಿ ಕ್ಯಾಮೆರಾ ಇಳಿಸಿ ಹುಡುಕಿ, ತುಂಡು ತುಂಡಾಗಿ ಎತ್ತಿತು. ಅಷ್ಟರಲ್ಲಿ ಫಾರ್ನ್‌ಬರೊದಲ್ಲಿ ‘ಯೋಕ್ ಅಂಕಲ್’ ಎಂಬ ಇಡೀ ವಿಮಾನವನ್ನೇ ನೀರಿನ ತೊಟ್ಟಿಯೊಳಗೆ ಮುಳುಗಿಸಿದ್ದರು. ರೆಕ್ಕೆಗಳು ತೊಟ್ಟಿಯ ಗೋಡೆಯಿಂದ ಹೊರಗೆ ಚಾಚಿಕೊಂಡಿದ್ದವು. ಸಂದಿಯಲ್ಲಿ ನೀರು ಸೋರದಂತೆ ಮುಚ್ಚಿ, ಹೈಡ್ರಾಲಿಕ್ ಜಾಕಿನಿಂದ ರೆಕ್ಕೆಗಳನ್ನು ಮೇಲೆ ಕೆಳಗೆ ಬಾಗಿಸುತ್ತಿದ್ದರು. ಕ್ಯಾಬಿನ್ನಿನೊಳಗೆ ನೀರು ಪಂಪ್ ಮಾಡಿ ಒತ್ತಡ ಏರಿಸುವುದು, ಇಳಿಸುವುದು. ಗಂಟೆಗಟ್ಟಲೆಯ ಒಂದು ಹಾರಾಟ ಕೆಲವೇ ನಿಮಿಷದಲ್ಲಿ ಮುಗಿದಂತೆ.

ಗಾಳಿಯನ್ನು ಬಿಟ್ಟು ನೀರನ್ನೇ ಯಾಕೆ ತುಂಬಿದರು? ಗಾಳಿಯನ್ನು ಅದುಮಿದರೆ ಶಕ್ತಿ ಕೂಡಿಡುತ್ತದೆ. ತಗಡು ಸೀಳಿದ ಕ್ಷಣ ಒಳಗಿನ ಗಾಳಿ ಬಾಂಬಿನಂತೆ ಸಿಡಿದು ವಿಮಾನವನ್ನು ಪುಡಿ ಮಾಡುತ್ತದೆ. ಬಿರುಕು ಎಲ್ಲಿ ಶುರುವಾಯಿತು ಎನ್ನುವ ಗುರುತೂ ಉಳಿಯದು. ನೀರು ಅದುಮಿದರೂ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಸೀಳಿದ ಕೂಡಲೇ ಒತ್ತಡ ಇಳಿದುಹೋಗುತ್ತದೆ, ಸೀಳು ಅಲ್ಲೇ ನಿಲ್ಲುತ್ತದೆ, ತೊಟ್ಟಿ ಖಾಲಿ ಮಾಡಿ ಬೆರಳಿಟ್ಟು ತೋರಿಸಬಹುದು. ಒಳಗೂ ಹೊರಗೂ ನೀರೇ ಇರುವುದರಿಂದ ನೀರಿನ ಭಾರಕ್ಕೆ ವಿಮಾನ ಬಾಗುವ ಸಮಸ್ಯೆಯೂ ಇಲ್ಲ. ಎಲ್‌ಪಿಜಿ ಸಿಲಿಂಡರನ್ನು ನೀರು ತುಂಬಿಸಿ ಪರೀಕ್ಷೆ ಮಾಡುವುದೂ ಇದೇ ಕಾರಣಕ್ಕೆ.

ಯೋಕ್ ಅಂಕಲ್ ತೊಟ್ಟಿಗೆ ಬರುವ ಮುಂಚೆ ನಿಜವಾಗಿ 1,221 ಸಲ ಒತ್ತಡ ಕಂಡಿತ್ತು. ತೊಟ್ಟಿಯಲ್ಲಿ ಇನ್ನೂ 1,836 ಸಲ ಆಗುವಾಗ, ಒಟ್ಟು 3,057ಕ್ಕೆ, ಜೂನ್ ಕೊನೆಯ ವಾರದಲ್ಲಿ ಸೀಳಿತು. ಸೀಳು ಶುರುವಾದದ್ದು ಎಡಬದಿಯ ಮುಂದಿನ ತುರ್ತು ನಿರ್ಗಮನ ದ್ವಾರದ ಕಿಂಡಿಯ ಮೂಲೆಯಲ್ಲಿ. ಆಗಸ್ಟಿನಲ್ಲಿ ಸಮುದ್ರದಿಂದ ಯೋಕ್ ಪೀಟರಿನ ಮೇಲ್ಛಾವಣಿಯ ತುಂಡು ಸಿಕ್ಕಿತು. ಅದರಲ್ಲಿ ಎಡಿಎಫ್ ಎಂಬ ರೇಡಿಯೊ ದಿಕ್ಸೂಚಿಯ ಆಂಟೆನಾಕ್ಕೆಂದು ತಗಡು ಕತ್ತರಿಸಿ ಫೈಬರ್ ಮುಚ್ಚಳ ಹಾಕಿದ ಎರಡು ‘ಕಿಟಕಿ’ಗಳಿವೆ. ಪ್ರಯಾಣಿಕರು ಹೊರಗೆ ನೋಡುವ ಕಿಟಕಿಯಲ್ಲ, ನೆತ್ತಿಯ ಮೇಲಿನ ಕಿಂಡಿ. ಹಿಂದಿನ ಕಿಂಡಿಯ ಮೂಲೆಯ ಹತ್ತಿರದ ತೂತೊಂದರಿಂದ ಬಿರುಕು ಹೊರಟು ಇಡೀ ಛಾವಣಿ ಹರಿದಿತ್ತು. ಯೋಕ್ ಪೀಟರ್ ಅಷ್ಟರಲ್ಲಿ ಒತ್ತಡ ಕಂಡದ್ದು 1,290 ಸಲ. ಯೋಕ್ ಯೋಕ್ ಸುಮಾರು 900. ಒಂದೇ ನಕ್ಷೆ, ಒಂದೇ ಕಾರ್ಖಾನೆ, ಒಂದೇ ಲೋಹ, ಆಯುಷ್ಯ ಮಾತ್ರ 900ದಿಂದ 3,057ರವರೆಗೆ. ಲೋಹದ ದಣಿವಿನ ಸ್ವಭಾವವೇ ಅದು. ತೂತಿನ ಅಂಚು ಒಂದು ಕಡೆ ನುಣುಪು, ಇನ್ನೊಂದು ಕಡೆ ಗೀರು ಅಂದರೆ ಆಯುಷ್ಯ ಮೂರು ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ಒಂದು ಮಾದರಿ ಇಷ್ಟು ಸಲ ತಾಳಿತು ಎಂದು ಎಲ್ಲ ವಿಮಾನಕ್ಕೂ ಅದೇ ಆಯುಷ್ಯ ಕೊಡಲಿಕ್ಕೆ ಆಗುವುದಿಲ್ಲ.

ಈಗ ಡಿ ಹ್ಯಾವಿಲೆಂಡ್ ಮಾಡಿದ ಪರೀಕ್ಷೆಗೆ ಬರೋಣ. ಅವರ ಮಾದರಿ ಒಡಲು 8.25 ಪೌಂಡ್ ಒತ್ತಡವನ್ನು 16,000 ಸಲ ತಾಳಿತ್ತು. ಹಾಗಿದ್ದ ಮೇಲೆ ನಿಜವಾದ ವಿಮಾನ 1,290ಕ್ಕೆ ಒಡೆದದ್ದು ಹೇಗೆ? ಆ ಮಾದರಿಗೆ ಅದಕ್ಕೂ ಮುಂಚೆ ಇನ್ನೊಂದು ಪರೀಕ್ಷೆ ಆಗಿತ್ತು: ಎರಡು ಪಟ್ಟು ಒತ್ತಡ, 16.5 ಪೌಂಡ್, ಒಡಲು ಎಷ್ಟು ಗಟ್ಟಿ ನೋಡೋಣ ಎಂದು. ಅಷ್ಟು ಒತ್ತಡಕ್ಕೆ ಮೂಲೆಗಳಲ್ಲಿ ಲೋಹ ಅತಿ ಸಣ್ಣ ಪ್ರಮಾಣದಲ್ಲಿ ಶಾಶ್ವತವಾಗಿ ಹಿಗ್ಗಿತು. ಒತ್ತಡ ತೆಗೆದಾಗ ಸುತ್ತಲಿನ ಹಿಗ್ಗದ ಲೋಹ ಆ ಹಿಗ್ಗಿದ ಜಾಗವನ್ನು ಒಳಕ್ಕೆ ಅದುಮಿ ಹಿಡಿಯಿತು. ಮುಂದೆ ಪ್ರತಿ ಸಲ 8.25 ಪೌಂಡ್ ಹಾಕಿದಾಗಲೂ ಮೊದಲು ಆ ಅದುಮು ಬಿಡಬೇಕು, ಆಮೇಲಷ್ಟೇ ಎಳೆತ. ಬಿರುಕು ಹುಟ್ಟಿಸುವ ಎಳೆತ ಮೂಲೆಗೆ ತಲುಪಿದ್ದು ಬಹಳ ಕಡಿಮೆ. ಗಿರಾಕಿಗೆ ಕೊಟ್ಟ ವಿಮಾನಗಳನ್ನು ಮಾತ್ರ 11 ಪೌಂಡಿಗೆ ಪರೀಕ್ಷಿಸಿದ್ದರು, ಅವಕ್ಕೆ ಈ ರಕ್ಷಣೆ ಅಷ್ಟು ಸಿಗಲಿಲ್ಲ. ಗಟ್ಟಿತನದ ಪರೀಕ್ಷೆಯನ್ನೂ ಆಯುಷ್ಯದ ಪರೀಕ್ಷೆಯನ್ನೂ ಒಂದೇ ತುಂಡಿನ ಮೇಲೆ ಮಾಡಿದ್ದರ ಫಲ. ಅಲ್ಲಿಂದೀಚೆಗೆ ಎರಡಕ್ಕೂ ಬೇರೆ ಬೇರೆ ಒಡಲನ್ನೇ ಬಳಸುತ್ತಾರೆ. ಕಾಮೆಟ್ ಬಿಟ್ಟುಹೋದ ಆಸ್ತಿಯಲ್ಲಿ ದುಂಡು ಕಿಟಕಿಗಿಂತ ಇದೇ ದೊಡ್ಡದು ಎಂದು ನಮ್ಮ ಲೆಕ್ಕ.

ಹಾಗೆ ನೋಡಿದರೆ ಚೂಪು ಮೂಲೆಯ ಪಾಠ ಹಡಗಿನವರಿಗೆ ಹತ್ತು ವರ್ಷ ಮೊದಲೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಅವಸರದಲ್ಲಿ ವೆಲ್ಡ್ ಮಾಡಿ ಕಟ್ಟಿದ ಲಿಬರ್ಟಿ ಹಡಗುಗಳಲ್ಲಿ ಡೆಕ್ಕಿನ ಚೌಕ ಕಿಂಡಿಗಳ ಮೂಲೆಯಿಂದ ಬಿರುಕು ಹರಿದದ್ದುಂಟು. ಕಾರವಾರದ ಟಾಗೋರ್ ಕಡಲತೀರಕ್ಕೆ ಹೋದಾಗ ಐಎನ್‌ಎಸ್ ಚಪಲ್ ನೌಕೆಯ ಜಲನಿರೋಧಕ ಬಾಗಿಲನ್ನು ನೋಡಿ. ನಾಲ್ಕೂ ಮೂಲೆ ದುಂಡು, ಕೆಳಗೆ ಹೊಸ್ತಿಲು ಎತ್ತರ. ಹೊಸ್ತಿಲು ಎಡವುವವರು ಮೂಲೆ ನೋಡುವುದಿಲ್ಲ. ಪಕ್ಕದಲ್ಲೇ ನಿಂತಿರುವ, ನೌಕಾಪಡೆಯ ಹಳೆಯ ಕಡಲ ಕಾವಲಿನ ವಿಮಾನ ಟುಪೊಲೆವ್ 142 ಕೂಡ ಈ ವಿಷಯಕ್ಕೆ ಹೊರತಲ್ಲ. ಅದನ್ನು ಜೆಟ್ ಎಂದು ಕರೆಯುವವರಿದ್ದಾರೆ. ರೆಕ್ಕೆ ಹಿಂದಕ್ಕೆ ಬಾಗಿದೆ, ನೋಡಲು ಹಾಗೆ ಕಾಣುತ್ತದೆ ನಿಜ. ಆದರೆ ಅದರದ್ದು ಎನ್‌ಕೆ-12 ಟರ್ಬೊಪ್ರಾಪ್. ಒಂದೊಂದು ಎಂಜಿನ್ನಿಗೆ ಎದುರುಬದುರು ತಿರುಗುವ ಎರಡು ಪ್ರೊಪೆಲ್ಲರ್, ಒಟ್ಟು ಎಂಟು ಅಲಗು. ನಡುವಿನ ಒಡಲಿಗೆ ಒತ್ತಡವೇ ಇಲ್ಲ, ಸಿಬ್ಬಂದಿ ಕೂರುವ ಮುಂದಿನ ಮತ್ತು ಬಾಲದ ಕೋಣೆಗಳಿಗೆ ಮಾತ್ರ. ಇದರ ಮೂಲವಾದ ಟು-95 ಬಾಂಬರಿನಿಂದ ಟು-114 ಎಂಬ ಪ್ರಯಾಣಿಕ ವಿಮಾನ ಮಾಡುವಾಗ ರಷ್ಯನ್ನರು ರೆಕ್ಕೆ, ಎಂಜಿನ್ ಉಳಿಸಿಕೊಂಡು ಒಡಲನ್ನು ಹೊಸದಾಗಿಯೇ ಕಟ್ಟಬೇಕಾಯಿತು.

ಕಾಮೆಟ್ಟಿಗೂ ಕೊನೆಗೆ ಒಡಲನ್ನು ಹೊಸದಾಗಿ ಕಟ್ಟಬೇಕಾಯಿತು. ದಪ್ಪ ತಗಡು, ದುಂಡನೆಯ ಕಿಟಕಿ, ರೋಲ್ಸ್ ರಾಯ್ಸ್ ‘ಏವನ್’ ಎಂಜಿನ್ನಿನ ಕಾಮೆಟ್ 4 ತಯಾರಾಗಿ 1958ರ ಅಕ್ಟೋಬರ್ 4ರಂದು ಅಟ್ಲಾಂಟಿಕ್ ದಾಟುವ ಮೊದಲ ಜೆಟ್ ಸೇವೆ ಶುರುವಾಯಿತು. ಅದೇ ತಿಂಗಳ 26ಕ್ಕೆ ಬೋಯಿಂಗ್ 707 ಬಂತು. ಅಲ್ಲಿಗೆ ಮುಗಿಯಿತು. ಬೋಯಿಂಗ್ ಹೆಚ್ಚು ಜನರನ್ನು ಹೊರುತ್ತಿತ್ತು, ಎಂಜಿನ್ನನ್ನು ರೆಕ್ಕೆಯ ಕೆಳಗೆ ತೂಗುಹಾಕಿತ್ತು. ಬಿಚ್ಚಿ ಬದಲಿಸುವುದು ಸಲೀಸು, ಬೆಂಕಿ ಬಿದ್ದರೂ ರೆಕ್ಕೆಯಿಂದ ದೂರ, ನಾಳೆ ದೊಡ್ಡ ಎಂಜಿನ್ ಬಂದರೂ ಜಾಗ ಉಂಟು. ಏರ್ ಇಂಡಿಯಾ 1960ರಲ್ಲಿ ಕೊಂಡದ್ದೂ 707ನ್ನೇ. ಫ್ರಾನ್ಸಿನ ಕ್ಯಾರವೆಲ್ ಮಾತ್ರ ಕಾಮೆಟ್ಟಿನ ಮೂತಿಯ ವಿನ್ಯಾಸವನ್ನು ಹಾಗೆಯೇ ಎರವಲು ಪಡೆಯಿತು. ಇಂಡಿಯನ್ ಏರ್‌ಲೈನ್ಸ್ 1964ರಿಂದ ಹಾರಿಸಿದ ಕ್ಯಾರವೆಲ್‌ನಲ್ಲಿ ಕೂತವರು ಕಾಮೆಟ್ಟಿನ ಮೂತಿಯ ಹಿಂದೆ ಕೂತಂತೆಯೇ. ಎಲ್ಲ ಮಾದರಿ ಸೇರಿ ಕಟ್ಟಿದ ಕಾಮೆಟ್ 114. ಅದರ ಒಡಲಿಗೆ ಹೊಟ್ಟೆ ಜೋಡಿಸಿ ಬ್ರಿಟನ್ ‘ನಿಮ್ರಾಡ್’ ಎಂಬ ಕಡಲ ಕಾವಲಿನ ವಿಮಾನ ಮಾಡಿತು. ನಮ್ಮ ನೌಕಾಪಡೆಯ ಟುಪೊಲೆವ್ ಮಾಡುತ್ತಿದ್ದ ಕೆಲಸವೇ. ನಿಮ್ರಾಡ್ 1969ರಿಂದ 2011ರವರೆಗೆ ಸೇವೆಯಲ್ಲಿತ್ತು.

ಲೋಹದ ದಣಿವಿಗೆ ಉಪ್ಪುಗಾಳಿ ಸೇರಿದರೆ ಏನಾಗುತ್ತದೆ ಎನ್ನುವುದು ನಮ್ಮ ಕರಾವಳಿಯವರಿಗೆ ಹೆಚ್ಚು ಹತ್ತಿರದ ವಿಷಯ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737ರ ಮುಂಭಾಗದ ಛಾವಣಿ 24,000 ಅಡಿಯಲ್ಲಿ ಹಾರಿಹೋಯಿತು. ಒಬ್ಬ ಗಗನಸಖಿ ಸತ್ತರು, ವಿಮಾನ ಹೇಗೋ ಇಳಿಯಿತು. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ, ಹಾರಿದ ಗಂಟೆ 35,000 ಚಿಲ್ಲರೆ, ಒತ್ತಡ ಏರಿಳಿದದ್ದು ಮಾತ್ರ 89,680 ಸಲ. ತಗಡಿನ ಮೇಲೆ ತಗಡು ಕೂರಿಸಿದ ಸಂದಿಯಲ್ಲಿ ಅಂಟು ಬಿಟ್ಟಿತ್ತು, ಒಳಗೆ ತೇವ ಸೇರಿ ತುಕ್ಕು ತಿಂದಿತ್ತು, ಅಂಟು ಹೊರಬೇಕಿದ್ದ ಭಾರವೆಲ್ಲ ರಿವೆಟ್ ತೂತಿನ ಮೇಲೆ ಬಿತ್ತು. ಸಾಲಿನ ಒಂದೊಂದು ತೂತಿನಲ್ಲೂ ಕೂದಲೆಳೆ ಬಿರುಕು, ಒಂದು ದಿನ ಎಲ್ಲ ಕೂಡಿಕೊಂಡವು. ವಿಮಾನದ ವಯಸ್ಸನ್ನು ಗಂಟೆಯಲ್ಲಷ್ಟೇ ಅಳೆಯದೆ ಏರಿಳಿತದ ಲೆಕ್ಕದಲ್ಲೂ ಅಳೆಯುವುದು ಇದಕ್ಕೇ.

ಕಾರವಾರದ ಟುಪೊಲೆವ್‌ನಂತೆ ಕಡಲ ದಂಡೆಯಲ್ಲಿ ನಿಲ್ಲಿಸಿದ ಅಲ್ಯೂಮಿನಿಯಂ ವಿಮಾನಕ್ಕೆ ಒತ್ತಡದ ಏರಿಳಿತ ಇಲ್ಲ, ಹಾಗಾಗಿ ದಣಿವಿಲ್ಲ, ಆದರೆ ತುಕ್ಕಿಗೆ ರಜೆ ಇಲ್ಲ. ಕಾರವಾರ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರು. ಅಲ್ಯೂಮಿನಿಯಂ ತುಕ್ಕು ಕೆಂಪಗಿರುವುದಿಲ್ಲ. ಬಿಳಿ ಪುಡಿ, ರಿವೆಟ್ ಸಾಲಿನ ಉದ್ದಕ್ಕೆ ಬಣ್ಣದಡಿ ಗುಳ್ಳೆ, ಮುಂದುವರಿದರೆ ತಗಡು ಪದರ ಪದರವಾಗಿ ಎದ್ದು ಬರುವುದು. ನೋಡಬೇಕಾದ ಮೊದಲ ಜಾಗ ಒಡಲಿನ ತಳ. ವಿಮಾನದ ಹೊಟ್ಟೆಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ, ಮರಳೋ ಕಣಜದ ಗೂಡೋ ಕಟ್ಟಿದರೆ ಮಳೆನೀರು ತಿಂಗಳುಗಟ್ಟಲೆ ಒಳಗೇ ನಿಲ್ಲುತ್ತದೆ. ಎರಡನೆಯದು ಉಕ್ಕಿನ ಆಧಾರ ಅಲ್ಯೂಮಿನಿಯಂಗೆ ತಾಗುವ ಜಾಗ. ನಡುವೆ ರಬ್ಬರ್ ಅಥವಾ ನೈಲಾನ್ ಹಾಳೆ ಇಲ್ಲದಿದ್ದರೆ ಉಪ್ಪುನೀರು ಸೇರಿ ಅಲ್ಲೊಂದು ಬ್ಯಾಟರಿಯೇ ಹುಟ್ಟುತ್ತದೆ, ತಿಂದುಹೋಗುವುದು ಅಲ್ಯೂಮಿನಿಯಂ. ತೊಳೆಯುವುದಾದರೆ ಸಿಹಿನೀರಿನಲ್ಲಿ, ಜೋರು ಒತ್ತಡದ ಪೈಪನ್ನು ಸಂದಿಗೆ ನೇರ ಹಿಡಿಯದೆ, ಮೇಲಿನಿಂದ ಕೆಳಕ್ಕೆ. ಮಳೆ ನೇರ ಬೀಳುವ ಬೆನ್ನಿಗಿಂತ ಮಳೆ ತಾಗದ ರೆಕ್ಕೆಯ ಅಡಿಭಾಗಕ್ಕೇ ತೊಳೆತ ಹೆಚ್ಚು ಬೇಕು, ಅಲ್ಲಿ ಕೂತ ಉಪ್ಪು ತಾನಾಗಿ ಹೋಗುವುದಿಲ್ಲ. ಸೋಪು ಹಾಕುವುದಾದರೆ ಕ್ಷಾರ ಕಡಿಮೆ ಇರುವುದು. ಬಟ್ಟೆ ಸೋಡಾ ಬೆರೆಸಿದ ನೀರು ಬಣ್ಣ ಕಿತ್ತ ಜಾಗದಲ್ಲಿ ಲೋಹವನ್ನೇ ತಿನ್ನುತ್ತದೆ. ಇದೆಲ್ಲ ಮಳೆಗಾಲಕ್ಕೆ ಮೊದಲೊಮ್ಮೆ, ದಸರೆ ಕಳೆದು ಹವೆ ಒಣಗಿದ ಮೇಲೊಮ್ಮೆ. ಬಣ್ಣದ ಗುಳ್ಳೆ ಕೆರೆದು ಪ್ರೈಮರ್ ಹಚ್ಚುವ ಕೆಲಸವನ್ನು ಎರಡನೇ ಸರದಿಗೇ ಇಟ್ಟುಕೊಳ್ಳಬೇಕು. ತೇವದ ಮೇಲೆ ಬಣ್ಣ ಬಳಿದರೆ ನೀರನ್ನು ಒಳಗಿಟ್ಟು ಮುಚ್ಚಿದಂತೆ.